ಹವಳದ ಲೋಳೆ, ಹವಳದ ಮೈ, ಹವಳದ ಸುಣ್ಣ

ಮಡಿಕೇರಿಯಲ್ಲಿ ಜೀವವಿಜ್ಞಾನದ ವಿದ್ಯಾರ್ಥಿಗಳು, ಅಧ್ಯಾಪಕರು ಮತ್ತು ಕೆಲವು ಬೆಳೆಗಾರರ ಮುಂದೆ ನೀಡಿದ ಉಪನ್ಯಾಸದ ಬರಹ ರೂಪ ಇದು. ಮಾತಿನಲ್ಲಿ ಬೇಗ ಮುಗಿಸಿದ್ದ ಪ್ರಯೋಗಾಲಯದ ವಿವರಗಳನ್ನು ಇಲ್ಲಿ ಸ್ವಲ್ಪ ಬಿಡಿಸಿ ಬರೆದಿದೆ.

ಕೊಡಗಿನಲ್ಲಿ ಹವಳ ಅಂದರೆ ಕಣ್ಣ ಮುಂದೆ ಬರುವುದು ಪವಳದ ಮಾಲೆ. ಒಡವೆಯ ಆ ಕೆಂಪು ಹವಳ ಮುಖ್ಯವಾಗಿ ಮೆಡಿಟರೇನಿಯನ್ ಸಮುದ್ರದ ಕೊರಾಲಿಯಂ ರುಬ್ರಮ್. ಅದು ಮಬ್ಬು ಬೆಳಕಿನಲ್ಲಿ, ಮೈಯೊಳಗೆ ಪಾಚಿಯ ನೆರವಿಲ್ಲದೆ, ನೀರಿನಲ್ಲಿ ತೇಲಿ ಬಂದದ್ದನ್ನು ಹಿಡಿದು ತಿಂದು ಬಹಳ ನಿಧಾನವಾಗಿ ಬೆಳೆಯುತ್ತದೆ. ಸಮುದ್ರದಲ್ಲಿ ಸುಣ್ಣದ ದಿಬ್ಬ (ರೀಫ್) ಕಟ್ಟುವುದಿಲ್ಲ. ನಾವು ಮಾತಾಡಲಿರುವುದು ದಿಬ್ಬ ಕಟ್ಟುವ ಹವಳಗಳ ಬಗ್ಗೆ: ಅಕ್ರೊಪೊರಾ, ಪೊರೈಟಿಸ್, ಪೊಸಿಲೊಪೊರಾ ಮುಂತಾದವು. ಭಾರತದಲ್ಲಿ ಇವುಗಳ ದೊಡ್ಡ ನೆಲೆಗಳು ನಾಲ್ಕು: ಲಕ್ಷದ್ವೀಪ, ಅಂಡಮಾನ್ ಮತ್ತು ನಿಕೋಬಾರ್, ಮನ್ನಾರ್ ಕೊಲ್ಲಿ ಮತ್ತು ಪಾಕ್ ಕೊಲ್ಲಿಯ ಪಟ್ಟಿ, ಕಛ್ ಕೊಲ್ಲಿ. ನಮ್ಮ ರಾಜ್ಯದಲ್ಲಿ ಮುರುಡೇಶ್ವರದಿಂದಾಚೆ ಇರುವ ನೇತ್ರಾಣಿ ದ್ವೀಪದ ಸುತ್ತ ಹವಳಗಳು ಚದುರಿದಂತೆ ಬೆಳೆದಿವೆ.

ಹವಳದ ಒಂದೊಂದು ಬಿಡಿ ಜೀವಿಯಾದ ಪಾಲಿಪ್ ಎರಡೇ ಪದರದ ಪ್ರಾಣಿ. ಹೊರಗೊಂದು ಕೋಶಪದರ, ಒಳಗೊಂದು ಕೋಶಪದರ, ನಡುವೆ ಮೀಸೋಗ್ಲಿಯ ಎಂಬ ಜಿಗುಟು. ಹೊರಮೈ ಮೇಲೆ ಲೋಳೆ, ಮೈ ಕೆಳಗೆ ಅರಗೊನೈಟ್ ರೂಪದ ಸುಣ್ಣದ ಗೂಡು. ಒಳಪದರದ ಕೋಶಗಳಲ್ಲಿ ಪಠ್ಯಪುಸ್ತಕದಲ್ಲಿ ನೀವು ಝೂಕ್ಸಾಂತೆಲ್ಲೆ ಎಂದು ಓದಿರುವ ಪಾಚಿಗಳಿವೆ. ಸುಮಾರು 10 ಮೈಕ್ರೋಮೀಟರಿನ ಈ ಕೋಶಗಳು ಆರೋಗ್ಯವಂತ ಹವಳದ ಒಂದು ಚದರ ಸೆಂಟಿಮೀಟರಿನಲ್ಲಿ ಹತ್ತು ಲಕ್ಷದ ಆಸುಪಾಸು ಇರುತ್ತವೆ. ಹವಳಕ್ಕೆ ಬೇಕಾದ ಶಕ್ತಿಯಲ್ಲಿ ಶೇ. 90ರವರೆಗೆ ಇವು ತಯಾರಿಸುವ ಸಕ್ಕರೆ, ಕೊಬ್ಬುಗಳಿಂದಲೇ ಬರಬಹುದು. ಹಿಂದೆ ಇವನ್ನೆಲ್ಲ ಸಿಂಬಿಯೊಡಿನಿಯಂ ಎಂಬ ಒಂದೇ ಕುಲಕ್ಕೆ ಸೇರಿಸಿ ಎ, ಬಿ, ಸಿ, ಡಿ ಎಂದು ವಿಂಗಡಿಸುತ್ತಿದ್ದರು. 2018ರಿಂದ ಅವು ಬೇರೆ ಬೇರೆ ಕುಲಗಳಾಗಿವೆ: ಹಳೆಯ ಸಿ ಈಗ ಕ್ಲಾಡೊಕೋಪಿಯಂ, ಹಳೆಯ ಡಿ ಡುರುಸ್ಡಿನಿಯಂ. ಡುರುಸ್ಡಿನಿಯಂ ಇರುವ ಹವಳ ಸಾಮಾನ್ಯವಾಗಿ ಹೆಚ್ಚು ಬಿಸಿ ತಡೆಯುತ್ತದೆ, ಆದರೆ ಹಲವು ಕಡೆ ಅದರ ಬೆಳವಣಿಗೆ ನಿಧಾನ.

ಪಾಚಿಯ ಕಥೆ ಇಷ್ಟಕ್ಕೇ ಸಾಕು, ಅದು ಎಲ್ಲ ಪುಸ್ತಕಗಳಲ್ಲೂ ಸಿಗುತ್ತದೆ. ಬ್ಯಾಕ್ಟೀರಿಯಾದ ವಿಷಯ ಹಾಗಲ್ಲ. 2002ರಲ್ಲಿ ಫಾರೆಸ್ಟ್ ರೋವರ್ ಮತ್ತು ಸಂಗಡಿಗರು ಹವಳಗಳಲ್ಲಿ ಬ್ಯಾಕ್ಟೀರಿಯಾದ ವೈವಿಧ್ಯ ಎಷ್ಟಿದೆ ಎಂಬುದನ್ನು ಡಿಎನ್‌ಎ ಮೂಲಕ ತೋರಿಸಿದ ಮೇಲೆ ಹವಳ, ಪಾಚಿ, ಬ್ಯಾಕ್ಟೀರಿಯಾ, ವೈರಸ್ ಎಲ್ಲ ಸೇರಿದ ಒಟ್ಟು ಬಾಳನ್ನು ಹೋಲೋಬಯಾಂಟ್ ಎಂದು ಕರೆಯುವುದು ರೂಢಿಯಾಯಿತು. ಅಲ್ಲಿಂದೀಚೆಗೆ ಹೆಸರುಗಳ ಪಟ್ಟಿಗಳು ರಾಶಿ ಬಿದ್ದಿವೆ. ಆದರೆ ಲೋಳೆಯಿಂದ ತೆಗೆದ ಪಟ್ಟಿಯನ್ನು ಮೈಯಿಂದ ತೆಗೆದದ್ದರ ಜೊತೆ, ಹಗಲಿನದನ್ನು ರಾತ್ರಿಯದರ ಜೊತೆ ಇಟ್ಟು ಹೋಲಿಸಿದರೆ ಯಾವ ತೀರ್ಮಾನವೂ ನಿಲ್ಲುವುದಿಲ್ಲ. ಒಂದು ಹವಳದಲ್ಲಿ ಇರುವುದು ಒಂದು ಸಮುದಾಯವಲ್ಲ, ಕನಿಷ್ಠ ಮೂರು: ಲೋಳೆಯದು, ಮೈಯದು, ಸುಣ್ಣದ್ದು. ಯಾವ ಪ್ರಬಂಧ ಓದಿದರೂ ಮಾದರಿಯನ್ನು ಎಲ್ಲಿಂದ, ಯಾವಾಗ, ಹೇಗೆ ತೆಗೆದರು ಎಂಬ ಭಾಗವನ್ನು ಮೊದಲು ಓದಿ, ಫಲಿತಾಂಶವನ್ನು ಆಮೇಲೆ ನೋಡಿ.

ಮೊದಲು ಲೋಳೆ. ಹವಳ ಇದನ್ನು ಸುರಿಸುತ್ತಲೇ ಇರುತ್ತದೆ, ಹಳೆಯದು ಕಳಚಿ ಹೋಗುತ್ತದೆ. ಪಾಚಿ ತಯಾರಿಸಿದ ಇಂಗಾಲದ ಒಂದು ದೊಡ್ಡ ಪಾಲು ಹೀಗೆ ಹೊರಗೆ ಹೋಗುವುದರಿಂದ ಬ್ಯಾಕ್ಟೀರಿಯಾಗೆ ಇಲ್ಲಿ ಊಟಕ್ಕೆ ಬರವಿಲ್ಲ. ಆದರೆ ಯಾರು ಬೇಕಾದರೂ ಬಂದು ಕೂರುವ ಜಾಗವೂ ಅಲ್ಲ. ಕೆರಿಬಿಯನ್‌ನ ಅಕ್ರೊಪೊರಾ ಪಾಮೇಟಾದ ಲೋಳೆ ಬೇರೆ ಬ್ಯಾಕ್ಟೀರಿಯಾಗಳ ಬೆಳವಣಿಗೆಯನ್ನು ತಡೆಯುತ್ತದೆ ಎಂದು 2006ರಲ್ಲಿ ಕಿಮ್ ರಿಚಿ ತೋರಿಸಿದರು. ಬೇಸಿಗೆಯ ಬಿಸಿಯಲ್ಲಿ ಹವಳ ಬಿಳಿಚಿದಾಗ, ಅಂದರೆ ತನ್ನ ಪಾಚಿಗಳನ್ನು ಕಳೆದುಕೊಂಡು ಬೆಳ್ಳಗಾದಾಗ, ತೆಗೆದ ಲೋಳೆಯಲ್ಲಿ ಆ ಗುಣ ಇರಲಿಲ್ಲ, ವಿಬ್ರಿಯೊ ಎಂಬ ಕುಲದ ಬ್ಯಾಕ್ಟೀರಿಯಾ ಹೆಚ್ಚಿತ್ತು. ಲೋಳೆಗೆ ಅಂಟಿಕೊಂಡು ಕೂತು ಬ್ಯಾಕ್ಟೀರಿಯಾವನ್ನು ಕೊಲ್ಲುವ ವೈರಸ್‌ಗಳೂ ಇವೆ, ಅವು ಬ್ಯಾಕ್ಟೀರಿಯೊಫೇಜ್‌ಗಳು.

ಮೈಯಲ್ಲಿ, ಅಂದರೆ ಅಂಗಾಂಶದಲ್ಲಿ, ಸಂಖ್ಯೆ ಕಡಿಮೆ, ನಂಟು ಬಿಗಿ. ಇಲ್ಲಿ ಮುಖ್ಯ ಹೆಸರು ಎಂಡೊಝೊಯಿಕೊಮೊನಾಸ್ ಎಂಬ ಬ್ಯಾಕ್ಟೀರಿಯಾ. ಪೊಸಿಲೊಪೊರಾ, ಸ್ಟೈಲೊಫೊರಾಗಳ ಅಂಗಾಂಶದಲ್ಲಿ ಇದು ಗುಂಪುಗುಂಪಾಗಿ ಗಂಟುಕಟ್ಟಿಕೊಂಡು ವಾಸಿಸುತ್ತದೆ. ಕೆಲವು ಮಾದರಿಗಳಲ್ಲಿ ಓದಿದ ಡಿಎನ್‌ಎಯ ಬಹುಪಾಲು ಇದರದ್ದೇ. ಪಾಚಿ ತಯಾರಿಸುವ ಡಿಎಂಎಸ್‌ಪಿ ಎಂಬ ಗಂಧಕದ ಸಂಯುಕ್ತವನ್ನು ಒಡೆಯುವ, ವಿಟಮಿನ್ ಮತ್ತು ಅಮೈನೊ ಆಮ್ಲ ತಯಾರಿಸುವ ಜೀನ್‌ಗಳು ಇದರ ತಳಿಗಳಲ್ಲಿ ಸಿಕ್ಕಿವೆ. ಹಲವು ಹವಳಗಳಲ್ಲಿ ಒತ್ತಡ ಬಂದಾಗ ಇದು ಇಳಿಯುವುದರಿಂದ ಎಂಡೊಝೊಯಿಕೊಮೊನಾಸ್ ಇದ್ದರೆ ಆರೋಗ್ಯ ಎಂಬ ಮಾತು ಹರಡಿದೆ. ಆದರೆ ಕೆಂಪು ಸಮುದ್ರದ ಪೊಸಿಲೊಪೊರಾ ವೆರುಕೋಸಾ ಮೇಲೆ ನಡೆದ, 2018ರಲ್ಲಿ ಪ್ರಕಟವಾದ ಕೆಲಸದಲ್ಲಿ ಹವಳ ಬಿಳಿಚಿ ಸಾಯುವ ಹಂತದಲ್ಲೂ ಎಂಡೊಝೊಯಿಕೊಮೊನಾಸ್ ಮೇಲುಗೈಯಾಗಿಯೇ ಉಳಿದಿತ್ತು. ಹೆಚ್ಚು ಇರುವುದಕ್ಕೂ ಉಪಕಾರ ಮಾಡುವುದಕ್ಕೂ ಇರುವ ಅಂತರವನ್ನು ಇದಕ್ಕಿಂತ ಚೆನ್ನಾಗಿ ತೋರಿಸುವ ಉದಾಹರಣೆ ನಮಗೆ ಗೊತ್ತಿಲ್ಲ.

ಮೂರನೆಯದು ಸುಣ್ಣ. ಹವಳವನ್ನು ಅಡ್ಡ ಕತ್ತರಿಸಿದರೆ ಮೈಯಿಂದ ಕೆಲವು ಮಿಲಿಮೀಟರ್ ಕೆಳಗೆ ಹಲವು ಬಾರಿ ಒಂದು ಹಸಿರು ಪಟ್ಟಿ ಬರಿಗಣ್ಣಿಗೇ ಕಾಣುತ್ತದೆ. ಅದು ಆಸ್ಟ್ರಿಯೋಬಿಯಂ ಎಂಬ ಹಸಿರು ಪಾಚಿ. ಮೇಲಿನ ಪಾಚಿಗಳು ಬೆಳಕಿನ ಬಹುಭಾಗವನ್ನು ಹೀರಿಕೊಂಡ ಮೇಲೆ ಉಳಿದ ದೂರಕೆಂಪು ಬೆಳಕಿನಲ್ಲೂ ಇದು ದ್ಯುತಿಸಂಶ್ಲೇಷಣೆ ನಡೆಸುತ್ತದೆ. ಅದರ ಸುತ್ತ ಆಮ್ಲಜನಕ ಬೇಡದ ಬ್ಯಾಕ್ಟೀರಿಯಾಗಳು, ಸುಣ್ಣ ಕೊರೆಯುವ ಶಿಲೀಂಧ್ರಗಳು. ಹವಳ ಬಿಳಿಚಿದಾಗ ಸುಣ್ಣದೊಳಗೆ ಬೆಳಕು ಹೆಚ್ಚು ಇಳಿದು ಈ ಪಾಚಿ ಬೆಳೆಯುತ್ತದೆ. ಆಗ ಅದು ತಯಾರಿಸಿದ ಇಂಗಾಲ ಹವಳದ ಮೈಗೆ ಸೇರುತ್ತದೆ ಎಂಬುದನ್ನು ಮೆಡಿಟರೇನಿಯನ್‌ನ ಓಕ್ಯುಲಿನಾ ಪಟಗೋನಿಕಾದಲ್ಲಿ 2002ರಲ್ಲೇ ತೋರಿಸಲಾಗಿದೆ.

ಮಾದರಿ ತೆಗೆದ ಹೊತ್ತೂ ಅಷ್ಟೇ ಮುಖ್ಯ. ಬೆಳಕಿರುವಾಗ ಪಾಚಿ ಆಮ್ಲಜನಕ ಸುರಿಸುತ್ತದೆ. ಹವಳದ ಮೈಮೇಲೆ ಅದು ಗಾಳಿಯೊಂದಿಗೆ ಸಮತೋಲದಲ್ಲಿರುವ ನೀರಿನ ಮಟ್ಟದ ಶೇ. 250ನ್ನು ದಾಟಿದ್ದನ್ನೂ, ಪಿಎಚ್ 8.5ರ ಹತ್ತಿರ ಏರಿದ್ದನ್ನೂ ಸೂಕ್ಷ್ಮ ಸಂವೇದಕಗಳಿಂದ 1995ರಲ್ಲಿ ಅಳೆದಿದ್ದಾರೆ. ಕತ್ತಲಾದ ಕೆಲವೇ ನಿಮಿಷಗಳಲ್ಲಿ ಅದೇ ಜಾಗದಲ್ಲಿ ಆಮ್ಲಜನಕ ಶೂನ್ಯದ ಹತ್ತಿರ, ಪಿಎಚ್ 7.3ರ ಸಮೀಪ. ಬೆಳಗ್ಗೆ ಆರಕ್ಕೆ ತೆಗೆದ ಮಾದರಿಯಲ್ಲೂ ಮಧ್ಯಾಹ್ನ ಎರಡಕ್ಕೆ ತೆಗೆದದ್ದರಲ್ಲೂ ಚುರುಕಾಗಿರುವ ಜೀವಿಗಳು ಒಂದೇ ಆಗಿರಬೇಕಾಗಿಲ್ಲ.

ಬೆಳೆಗಾರರಿಗೆ ಸಾರಜನಕದ ವಿಷಯ ಆಸಕ್ತಿ ಹುಟ್ಟಿಸಬಹುದು. ಹವಳ ತನ್ನ ಪಾಚಿಯನ್ನು ಸಾರಜನಕದ ಕೊರತೆಯಲ್ಲೇ ಇಡುತ್ತದೆ. ಕೊರತೆ ಇದ್ದಾಗ ಪಾಚಿ ಕೋಶ ವಿಭಜನೆಗೆ ಹೋಗದೆ, ತಯಾರಿಸಿದ ಸಕ್ಕರೆಯನ್ನು ಹವಳಕ್ಕೆ ಬಿಟ್ಟುಕೊಡುತ್ತದೆ. ಗಾಳಿಯ ಸಾರಜನಕವನ್ನು ಹಿಡಿಯುವ ಬ್ಯಾಕ್ಟೀರಿಯಾಗಳು ಹವಳದಲ್ಲಿವೆ, ಮಿತಿಯಲ್ಲಿದ್ದರೆ ಉಪಕಾರ. ನೀರು ಬಿಸಿಯಾದಾಗ ಅಥವಾ ನದಿ, ಚರಂಡಿಗಳಿಂದ ನೈಟ್ರೇಟ್ ಸೇರಿದಾಗ ಲೆಕ್ಕ ತಪ್ಪುತ್ತದೆ: ಪಾಚಿ ತನ್ನ ಸಕ್ಕರೆಯನ್ನು ತಾನೇ ಬಳಸಿಕೊಂಡು ಸಂಖ್ಯೆ ಹೆಚ್ಚಿಸಿಕೊಳ್ಳುತ್ತದೆ, ಹವಳ ಹಸಿಯುತ್ತದೆ. ಸಾರಜನಕ ಹೆಚ್ಚಾಗಿ ರಂಜಕ ಕಡಿಮೆಯಾದರೆ ಇನ್ನೂ ಕೆಟ್ಟದ್ದು, ಬೆಳಕು ಮತ್ತು ಬಿಸಿಗೆ ಬಿಳಿಚುವ ಅಪಾಯ ಏರುತ್ತದೆ. ಮೈ ಬಿಳಿಯಾಗಿ ಕಾಣುವ ಮೊದಲೇ ಈ ಕೊಡುಕೊಳ್ಳುವಿಕೆ ಮುರಿದಿರುತ್ತದೆ.

ಬಿಸಿಯ ಅಳತೆ ಹೀಗೆ. ಒಂದು ಜಾಗದ ಅತಿ ಬಿಸಿ ತಿಂಗಳ ಸರಾಸರಿಗಿಂತ 1 °ಸೆ. ಮೇಲೆ ಹೋದರೆ ಒತ್ತಡ ಶುರು. ಎಷ್ಟು ಡಿಗ್ರಿ ಮೇಲೆ, ಎಷ್ಟು ವಾರ ಎಂಬುದನ್ನು ಗುಣಿಸಿ ಡಿಗ್ರಿ-ವಾರ ಎಂದು ಕೂಡಿಸುತ್ತಾರೆ. 4 ದಾಟಿದರೆ ಗಣನೀಯವಾಗಿ ಬಿಳಿಚುತ್ತದೆ, 8 ದಾಟಿದರೆ ವ್ಯಾಪಕ ಸಾವಿನ ಭಯ. ಲಕ್ಷದ್ವೀಪ 1998, 2010, 2016 ಮತ್ತು 2024ರಲ್ಲಿ ದೊಡ್ಡ ಪ್ರಮಾಣದಲ್ಲಿ ಬಿಳಿಚಿತು. ಬಿಸಿ ರೋಗಾಣುವಿನ ನಡತೆಯನ್ನೂ ಬದಲಿಸುತ್ತದೆ. ವಿಬ್ರಿಯೊ ಕೊರಾಲಿಲೈಟಿಕಸ್ 22 °ಸೆ.ಗಿಂತ ಕೆಳಗೆ ಪೊಸಿಲೊಪೊರಾ ಡಾಮಿಕಾರ್ನಿಸ್‌ಗೆ ಏನೂ ಮಾಡಲಿಲ್ಲ. 27 ದಾಟಿದಾಗ ಅದೇ ತಳಿ ಅಂಗಾಂಶವನ್ನೇ ಕರಗಿಸಿತು. ಆದ್ದರಿಂದ ವಿಬ್ರಿಯೊ ಸಿಕ್ಕಿತು ಎಂಬಷ್ಟರಿಂದ ರೋಗ ಎಂದು ಬರೆಯಬೇಡಿ. ಪಕ್ಕದಲ್ಲಿ ನೀರಿನ ಉಷ್ಣಾಂಶ ಇರಲೇಬೇಕು.

ಈಗ ಕೈಕೆಲಸ. ಲೋಳೆ ತೆಗೆಯಲು ಸೂಜಿ ಇಲ್ಲದ ಶುದ್ಧ ಸಿರಿಂಜನ್ನು ಹವಳದ ಮೈಗೆ ತಾಗಿಸದೆ, ತೀರಾ ಹತ್ತಿರ ಹಿಡಿದು ನಿಧಾನವಾಗಿ ಎಳೆಯಬೇಕು. ಬೇಗ ಎಳೆದರೆ ಬರುವುದು ಸಮುದ್ರದ ನೀರು. ಇನ್ನೊಂದು ದಾರಿ: ತುಂಡನ್ನು ನೀರಿನಿಂದ ಎತ್ತಿ ತಲೆಕೆಳಗಾಗಿ ಹಿಡಿದು, ಮೊದಲ ಅರ್ಧ ನಿಮಿಷ ತೊಟ್ಟಿಕ್ಕಿದ್ದನ್ನು ಚೆಲ್ಲಿ, ಆಮೇಲಿನ ಎಳೆಎಳೆಯಾದ ಲೋಳೆಯನ್ನು ಹಿಡಿಯುವುದು. ಯಾವ ದಾರಿಯಾದರೂ ಅದೇ ಜಾಗದ 1ರಿಂದ 2 ಲೀಟರ್ ನೀರನ್ನು 0.22 ಮೈಕ್ರೋಮೀಟರ್ ಜರಡಿಯಲ್ಲಿ ಸೋಸಿ, ಆ ಜರಡಿಯನ್ನು ಪ್ರತ್ಯೇಕ ಮಾದರಿಯಾಗಿ ಇಡಿ. ಸಮುದ್ರದ ನೀರಿನ ಒಂದು ಮಿಲಿಲೀಟರಿನಲ್ಲೇ ಹತ್ತು ಲಕ್ಷದಷ್ಟು ಬ್ಯಾಕ್ಟೀರಿಯಾ ಇರುವುದರಿಂದ, ನೀರಿನ ಪಟ್ಟಿ ಕೈಯಲ್ಲಿಲ್ಲದೆ ಲೋಳೆಯ ಪಟ್ಟಿಗೆ ಅರ್ಥವಿಲ್ಲ.

ಅಂಗಾಂಶಕ್ಕೆ: ತುಂಡನ್ನು ಸೋಸಿದ ಶುದ್ಧ ಸಮುದ್ರನೀರಿನಲ್ಲಿ ಮೂರು ಸಲ ತೊಳೆದು, ಪ್ಲಾಸ್ಟಿಕ್ ಚೀಲದೊಳಗೆ ಇಟ್ಟು, ಏರ್‌ಬ್ರಶ್‌ನಿಂದ ಬಫರ್ ಹೊಡೆದರೆ ಮೈ ಕಿತ್ತು ಬರುತ್ತದೆ. ಪೊಸಿಲೊಪೊರಾದ ಮೈ ತೆಳು, ಸುಣ್ಣ ಬೆಳ್ಳಗೆ ಉಳಿಯುವವರೆಗೆ ಬರುತ್ತದೆ. ಪೊರೈಟಿಸ್‌ನ ಮೈ ಸುಣ್ಣದ ರಂಧ್ರಗಳೊಳಗೆ ಕೆಲವು ಮಿಲಿಮೀಟರ್ ಇಳಿದಿರುವುದರಿಂದ ಏರ್‌ಬ್ರಶ್‌ಗೆ ಪೂರ್ತಿ ಸಿಗುವುದಿಲ್ಲ. ಈ ಎರಡು ಹವಳಗಳನ್ನು ಒಂದೇ ವಿಧಾನದಲ್ಲಿ ತೆಗೆದು ಹೋಲಿಸಿದರೆ ವಿಧಾನದ ವ್ಯತ್ಯಾಸವೇ ಜೀವಿಗಳ ವ್ಯತ್ಯಾಸವಾಗಿ ಕಾಣುತ್ತದೆ. ಸುಣ್ಣಕ್ಕಾದರೆ ಮೈ ಇರುವ ಮೇಲ್ಭಾಗವನ್ನು ಕತ್ತರಿಸಿ ತೆಗೆದು, ಹಸಿರು ಪಟ್ಟಿಯನ್ನು ಬೇರ್ಪಡಿಸಿ, ದ್ರವ ಸಾರಜನಕದಲ್ಲಿ ಕುಟ್ಟಿ ಪುಡಿ ಮಾಡುತ್ತಾರೆ. ಪುಡಿಯ ಕ್ಯಾಲ್ಸಿಯಂ, ಲೋಹದ ಅಯಾನುಗಳನ್ನು ಕಟ್ಟಿ ಡಿಎನ್‌ಎ ಕಾಯಲು ಬಫರಿಗೆ ಹಾಕುವ ಇಡಿಟಿಎಯನ್ನು ಹಿಡಿದಿಟ್ಟುಕೊಳ್ಳುವುದರಿಂದ ಇಲ್ಲಿ ಇಡಿಟಿಎ ಮಾಮೂಲಿಗಿಂತ ಹೆಚ್ಚು ಬೇಕು.

ಕೊಡಗಿನ ಪ್ರಯೋಗಾಲಯಗಳಿಗೆ ಶೇಖರಣೆಯೇ ದೊಡ್ಡ ತಲೆನೋವು. ಮಳೆಗಾಲದಲ್ಲಿ ಮರ ಬಿದ್ದು ಕರೆಂಟ್ ಹೋದರೆ ಡೀಪ್ ಫ್ರೀಜರ್ ಕರಗುತ್ತದೆ, ಬಂದಾಗ ಮತ್ತೆ ಹೆಪ್ಪುಗಟ್ಟುತ್ತದೆ. ಈ ಕರಗಿ ಹೆಪ್ಪುಗಟ್ಟುವ ಆಟದಲ್ಲಿ ಕೋಶ ಒಡೆದು ಡಿಎನ್‌ಎ ತುಂಡಾಗುತ್ತದೆ. ಗಟ್ಟಿ ಗೋಡೆಯ ಬ್ಯಾಕ್ಟೀರಿಯಾ ಉಳಿದು ಮೆದುವಾದವು ಹೋಗುವುದರಿಂದ ಪಟ್ಟಿ ಸದ್ದಿಲ್ಲದೆ ಓರೆಯಾಗುತ್ತದೆ. ಅದರ ಬದಲು ಶೇ. 20 ಡಿಎಂಎಸ್‌ಒ, 0.25 ಮೋಲಾರ್ ಇಡಿಟಿಎ, ಕರಗುವಷ್ಟೂ ಉಪ್ಪು, ಪಿಎಚ್ 8 ಇರುವ ದ್ರಾವಣ ಮಾಡಿಕೊಳ್ಳಿ. ಇದರಲ್ಲಿ ಡಿಎನ್‌ಎ ಕೋಣೆಯ ಉಷ್ಣಾಂಶದಲ್ಲೇ ತಿಂಗಳುಗಟ್ಟಲೆ ತಾಳುತ್ತದೆ. ಪಿಎಚ್ 8ಕ್ಕೆ ಬರುವವರೆಗೆ ಇಡಿಟಿಎ ಕರಗುವುದಿಲ್ಲ, ಸೋಡಿಯಂ ಹೈಡ್ರಾಕ್ಸೈಡನ್ನು ತಾಳ್ಮೆಯಿಂದ ಸೇರಿಸುತ್ತ ಹೋಗಬೇಕು. ಮಾದರಿಯ ಅನೇಕ ಪಟ್ಟು ದ್ರಾವಣ ಇರಲಿ. ಫಾರ್ಮಲಿನ್ ಸೂಕ್ಷ್ಮದರ್ಶಕದ ಕೆಲಸಕ್ಕೆ ಮಾತ್ರ, ಡಿಎನ್‌ಎ ಓದುವುದಕ್ಕೆ ಅದು ಹಾಳು.

ಡಿಎನ್‌ಎಯ ಪ್ರತಿಗಳನ್ನು ಹೆಚ್ಚಿಸುವ ಪಿಸಿಆರ್ ಕೆಲಸ ಮಾಡದಿದ್ದರೆ ಮೊದಲ ಅನುಮಾನ ಲೋಳೆಯ ಸಕ್ಕರೆ ಸರಪಳಿಗಳ ಮೇಲೆ, ಅವು ಕಿಣ್ವವನ್ನು ತಡೆಯುತ್ತವೆ. ಡಿಎನ್‌ಎಯನ್ನು ಹತ್ತು ಪಟ್ಟು ತೆಳು ಮಾಡಿ ನೋಡಿ, ಬಿಎಸ್‌ಎ ಎಂಬ ಪ್ರೋಟೀನ್ ಸೇರಿಸಿ ನೋಡಿ. ಕೆಲಸ ಮಾಡಿದ ಮೇಲೂ ನೆಮ್ಮದಿ ಬೇಡ. ಬ್ಯಾಕ್ಟೀರಿಯಾವನ್ನು ಗುರುತಿಸಲು ಓದುವ 16ಎಸ್ ಜೀನ್‌ಗೆಂದು ಬಳಸುವ ಕೆಲವು ಪ್ರೈಮರ್‌ಗಳು (ನಕಲು ಶುರು ಮಾಡುವ ಡಿಎನ್‌ಎ ತುಣುಕುಗಳು) ಹವಳದ ಮೈಟೋಕಾಂಡ್ರಿಯದ ಡಿಎನ್‌ಎಯನ್ನೂ, ಪಾಚಿಯ ಕ್ಲೋರೋಪ್ಲಾಸ್ಟ್‌ನದ್ದನ್ನೂ ಹೆಚ್ಚಿಸುತ್ತವೆ. ಓದಿದ ಸಾಲುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಹೀಗೆ ವ್ಯರ್ಥವಾಗಬಹುದು. ಪೂರ್ತಿ ಮಾದರಿ ಕಳಿಸುವ ಮೊದಲು ನಾಲ್ಕೈದನ್ನು ಮಾತ್ರ ಓದಿಸಿ ನೋಡುವುದು ಜಾಣತನ.

ಇನ್ನೊಂದು ಬಲೆ ಕಿಟ್‌ನೊಳಗೇ ಇದೆ. ಡಿಎನ್‌ಎ ತೆಗೆಯುವ ಕಿಟ್‌ಗಳಲ್ಲಿ, ನೀರಿನಲ್ಲಿ ಬ್ರಾಡಿರೈಝೋಬಿಯಂ, ರಾಲ್ಸ್‌ಟೋನಿಯಾ ಮುಂತಾದ ಬ್ಯಾಕ್ಟೀರಿಯಾಗಳ ಡಿಎನ್‌ಎ ಅಲ್ಪ ಪ್ರಮಾಣದಲ್ಲಿ ಸೇರಿಕೊಂಡಿರುತ್ತದೆ. ಹವಳದ ಅಂಗಾಂಶದಂತೆ ಬ್ಯಾಕ್ಟೀರಿಯಾ ಕಡಿಮೆ ಇರುವ ಮಾದರಿಯಲ್ಲಿ ಅದೇ ಎದ್ದು ಕಾಣುತ್ತದೆ. ಬ್ರಾಡಿರೈಝೋಬಿಯಂ ಸಾರಜನಕ ಹಿಡಿಯುವ ಕುಲವೆಂದು ಗೊತ್ತಿರುವವರು ಹವಳದಲ್ಲಿ ಹೊಸ ನಂಟು ಸಿಕ್ಕಿತು ಎಂದು ಹಿಗ್ಗುವುದು ಸುಲಭ. ಮಾದರಿ ತೆಗೆದ ಜಾಗದಲ್ಲೊಂದು, ಡಿಎನ್‌ಎ ತೆಗೆಯುವಾಗೊಂದು, ಪಿಸಿಆರ್‌ನಲ್ಲೊಂದು ಖಾಲಿ ಕೊಳವೆ ಇಟ್ಟು ಅವನ್ನೂ ಓದಿಸಿ. ಖಾಲಿ ಕೊಳವೆಯಲ್ಲಿ ಬಂದ ಹೆಸರನ್ನು ಮಾದರಿಯಲ್ಲಿ ನಂಬಬೇಡಿ.

ಶೇಕಡಾವಾರು ಲೆಕ್ಕವೂ ಮೋಸ ಮಾಡುತ್ತದೆ. ಒಂದು ಮಾದರಿಯಲ್ಲಿ 10,000 ಕೋಶಗಳಿವೆ, ಅದರಲ್ಲಿ 9,000 ಎಂಡೊಝೊಯಿಕೊಮೊನಾಸ್, 1,000 ವಿಬ್ರಿಯೊ ಎಂದಿಟ್ಟುಕೊಳ್ಳಿ. ಬಿಸಿಯಿಂದ ಎಂಡೊಝೊಯಿಕೊಮೊನಾಸ್ 1,000ಕ್ಕೆ ಇಳಿಯಿತು, ವಿಬ್ರಿಯೊ ಇದ್ದಷ್ಟೇ ಇದೆ. ಚಾರ್ಟ್‌ನಲ್ಲಿ ವಿಬ್ರಿಯೊ ಶೇ. 10ರಿಂದ ಶೇ. 50ಕ್ಕೆ ಏರಿರುತ್ತದೆ. ಒಂದು ಕೋಶವೂ ಹೆಚ್ಚಾಗಿಲ್ಲ! ಒಟ್ಟು ಸಂಖ್ಯೆಯನ್ನು ಕ್ವಾಂಟಿಟೇಟಿವ್ ಪಿಸಿಆರ್‌ನಿಂದಲೋ ಸೂಕ್ಷ್ಮದರ್ಶಕದ ಎಣಿಕೆಯಿಂದಲೋ ಬೇರೆಯಾಗಿ ಅಳೆಯದೆ ಏರಿತು, ಇಳಿಯಿತು ಎಂಬ ಕ್ರಿಯಾಪದಗಳನ್ನು ಬಳಸುವಂತಿಲ್ಲ.

ಪ್ರೊಬಯೋಟಿಕ್, ಅಂದರೆ ಉಪಕಾರಿ ಬ್ಯಾಕ್ಟೀರಿಯಾ ಕೊಡುವ ವಿಷಯಕ್ಕೆ ಬರೋಣ. ಮೆಣಸಿನ ಬಳ್ಳಿಗೆ ಸೊರಗು ರೋಗ ಬಾರದಂತೆ ಬುಡಕ್ಕೆ ಟ್ರೈಕೋಡರ್ಮಾ ಎಂಬ ಉಪಕಾರಿ ಶಿಲೀಂಧ್ರ ಹಾಕುವವರು ಇಲ್ಲಿ ಬಹಳ ಮಂದಿ ಇದ್ದೀರಿ. ಅದು ಬೇರೂರಲು ಸಾವಯವ ಗೊಬ್ಬರ ಬೇಕು, ಒಂದು ಸಲ ಹಾಕಿ ಮರೆತರೆ ನಿಲ್ಲುವುದಿಲ್ಲ, ತಾಮ್ರದ ಶಿಲೀಂಧ್ರನಾಶಕವಾದ ಬೋರ್ಡೋ ಸುರಿದ ಬೆನ್ನಿಗೇ ಹಾಕಿದರೆ ದಂಡ, ಬುಡದಲ್ಲಿ ನೀರು ನಿಂತರೆ ಯಾವುದೂ ಕಾಯುವುದಿಲ್ಲ ಎಂಬುದು ನಿಮಗೆ ಅನುಭವದಿಂದ ಗೊತ್ತು. ಹವಳಕ್ಕೆ ಬ್ಯಾಕ್ಟೀರಿಯಾ ಕೊಡುವ ಕೆಲಸದಲ್ಲಿ ಈ ನಾಲ್ಕೂ ಮಾತು ಹೆಚ್ಚುಕಡಿಮೆ ಹಾಗೆಯೇ ಅನ್ವಯಿಸುತ್ತವೆ.

ಹವಳದ ಸೂಕ್ಷ್ಮಜೀವಿಗಳ ಸಂಶೋಧಕಿ ರಕೇಲ್ ಪೆಯಿಶೋಟೊ ಅವರ ತಂಡ ರೂಪಿಸಿದ ಕ್ರಮ ಹೀಗಿದೆ. ಯಾವ ಹವಳಕ್ಕೆ ಕೊಡಬೇಕೋ ಅದೇ ಹವಳದಿಂದ ಬ್ಯಾಕ್ಟೀರಿಯಾಗಳನ್ನು ಬೆಳೆಸಿ ತೆಗೆಯಬೇಕು. ಅವುಗಳಲ್ಲಿ ಹಾನಿಕಾರಕ ಆಮ್ಲಜನಕ ರೂಪಗಳನ್ನು ಒಡೆಯುವ ಕ್ಯಾಟಲೇಸ್ ಇದೆಯೇ, ಡಿಎಂಎಸ್‌ಪಿ ಒಡೆಯುವ ಜೀನ್, ಸಾರಜನಕ ಚಕ್ರದ ಜೀನ್‌ಗಳು ಇವೆಯೇ, ಅಗಾರ್ ತಟ್ಟೆಯಲ್ಲಿ ವಿಬ್ರಿಯೊ ಕೊರಾಲಿಲೈಟಿಕಸ್ ಅನ್ನು ತಡೆಯುತ್ತವೆಯೇ ಎಂದು ನೋಡಿ, ರೋಗ ತರುವ ಕುಲಗಳನ್ನು ಬಿಟ್ಟು, ಐದಾರು ತಳಿಗಳ ಮಿಶ್ರಣ ಮಾಡುತ್ತಾರೆ. ಮಿಲಿಲೀಟರಿಗೆ 1 ಕೋಟಿ ಕೋಶದ ಆಸುಪಾಸಿನ ಸಾಂದ್ರತೆಯಲ್ಲಿ, ಕೆಲವು ದಿನಗಳಿಗೊಮ್ಮೆ ಮತ್ತೆ ಮತ್ತೆ ಕೊಡಬೇಕು. ಬ್ರೆಜಿಲ್‌ನ ಮುಸ್ಸಿಸ್ಮಿಲಿಯಾ ಹಿಸ್ಪಿಡಾ ಮೇಲೆ ತೊಟ್ಟಿಯಲ್ಲಿ ನಡೆದು 2021ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಬಿಸಿ ಒತ್ತಡದ ನಂತರ ಬದುಕುಳಿದ ಪ್ರಮಾಣ ಶೇ. 40ರಷ್ಟು ಹೆಚ್ಚಿತು. ಕೆಂಪು ಸಮುದ್ರದ ದಿಬ್ಬದಲ್ಲೇ ವಾರಕ್ಕೆ ಮೂರು ಸಲ, ಮೂರು ತಿಂಗಳು ಕೊಟ್ಟಾಗ ಹವಳದ ಬ್ಯಾಕ್ಟೀರಿಯಾ ಸಮುದಾಯ ಬದಲಾಯಿತು, ಸುತ್ತಲಿನ ನೀರು ಮತ್ತು ಮರಳಿನಲ್ಲಿ ಗುರುತಿಸಬಹುದಾದ ಬದಲಾವಣೆ ಕಾಣಲಿಲ್ಲ ಎಂದು 2024ರ ವರದಿ ಹೇಳುತ್ತದೆ. ಇದು ದೊಡ್ಡ ಹೆಜ್ಜೆ. ಆದರೆ ವಾರಕ್ಕೆ ಮೂರು ಸಲ ಮುಳುಗುಗಾರರು ನೀರಿಗಿಳಿಯಬೇಕಾದ ಚಿಕಿತ್ಸೆಯನ್ನು ಒಂದು ಇಡೀ ದ್ವೀಪದ ಸುತ್ತ ಕೊಡಲಾಗದು. ಹವಳ ಬೆಳೆಸುವ ನರ್ಸರಿಗಳಲ್ಲಿ, ಬೇಸಿಗೆಯ ಕೆಲವು ವಾರಗಳಲ್ಲಿ ಇದರ ಉಪಯೋಗ ಹೆಚ್ಚು ಎಂದು ನಮಗೆ ಅನಿಸುತ್ತದೆ.

ಪ್ರತಿಜೀವಕದ ದಾರಿಯೂ ಇದೆ. ಫ್ಲಾರಿಡಾದಲ್ಲಿ 2014ರಲ್ಲಿ ಮಯಾಮಿ ಬಳಿ ಕಾಣಿಸಿಕೊಂಡು ಕೆರಿಬಿಯನ್‌ಗೆ ಹರಡಿದ ಅಂಗಾಂಶ ನಷ್ಟದ ರೋಗ 20ಕ್ಕೂ ಹೆಚ್ಚು ಜಾತಿಗಳನ್ನು ಹಿಡಿದಿದೆ, ಕಾರಣವಾದ ಜೀವಿ ಇನ್ನೂ ಖಚಿತವಾಗಿಲ್ಲ. ಅಮಾಕ್ಸಿಸಿಲಿನ್ ಬೆರೆಸಿದ ಮುಲಾಮನ್ನು ಗಾಯದ ಅಂಚಿಗೆ ಹಚ್ಚಿದರೆ ಆ ಗಾಯ ಸಾಮಾನ್ಯವಾಗಿ ನಿಲ್ಲುತ್ತದೆ, ಆದರೆ ಅದೇ ಹವಳದ ಇನ್ನೊಂದು ಬದಿಯಲ್ಲಿ ಹೊಸ ಗಾಯ ಏಳುವುದನ್ನು ತಡೆಯುವುದಿಲ್ಲ.

ಸಮುದ್ರವಿಲ್ಲದ ಜಿಲ್ಲೆಯಲ್ಲಿ ಇದನ್ನೆಲ್ಲ ಕಲಿಯುವುದು ಹೇಗೆ ಎಂಬ ಪ್ರಶ್ನೆ ಬಂತು. ಹವಳದಿಂದ ಶುರು ಮಾಡುವುದು ಬೇಡ. ದಿಬ್ಬ ಕಟ್ಟುವ ಹವಳಗಳು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿವೆ. ಅನುಮತಿ ಇಲ್ಲದೆ ನೇತ್ರಾಣಿಯಿಂದ ಒಂದು ತುಂಡು ತಂದರೂ ಅಪರಾಧ. ಐಪ್ಟೇಸಿಯಾ ಎಂಬ ಸಣ್ಣ ಕಡಲ ಹೂವಿನಿಂದ ಶುರು ಮಾಡಿ. ಇದರ ಮೈಯಲ್ಲೂ ಹವಳದ ಗುಂಪಿನದೇ ಪಾಚಿಗಳಿವೆ, ಲೋಳೆ ಇದೆ, ಬ್ಯಾಕ್ಟೀರಿಯಾ ಇದೆ. ಸುಣ್ಣ ಮಾತ್ರ ಇಲ್ಲ, ಹಾಗಾಗಿ ಮೂರನೆಯ ಸಮುದಾಯವನ್ನು ಇದರಲ್ಲಿ ನೋಡಲಾಗದು. ಉಪ್ಪುನೀರಿನ ಅಕ್ವೇರಿಯಂ ಇಟ್ಟವರ ಬಳಿ ಇದು ಕಳೆಯಂತೆ ಬೆಳೆದಿರುತ್ತದೆ, ಕೇಳಿದರೆ ಕೊಡುತ್ತಾರೆ. ಬಂಡೆ ಸಮೇತ ಕೊಳ್ಳಬೇಡಿ, ಆ ಬಂಡೆ ಹವಳದ ತುಂಡೇ ಆಗಿರಬಹುದು.

ಆರ್‌ಒ ನೀರಿನ ಲೀಟರಿಗೆ ಸುಮಾರು 35 ಗ್ರಾಂ ಅಕ್ವೇರಿಯಂ ಉಪ್ಪು ಕರಗಿಸಿ, ಉಪ್ಪಿನಂಶ ಅಳೆಯುವ ರಿಫ್ರಾಕ್ಟೋಮೀಟರಿನಲ್ಲಿ 35 ಬಂದಿದೆಯೇ ನೋಡಿ. ಅಡುಗೆ ಉಪ್ಪು ಆಗದು. ನೀರು ಆವಿಯಾದಾಗ ಉಪ್ಪು ಉಳಿದಿರುವುದರಿಂದ ಸಿಹಿನೀರನ್ನೇ ಸೇರಿಸಬೇಕು. ಉಷ್ಣಾಂಶ 25 °ಸೆ., ದಿನಕ್ಕೆ 12 ಗಂಟೆ ಮಂದ ಎಲ್‌ಇಡಿ ಬೆಳಕು. ಮಡಿಕೇರಿಯ ಜುಲೈಯಲ್ಲಿ ಹೀಟರ್ ಇಲ್ಲದೆ ಆಗುವುದಿಲ್ಲ. ವಾರಕ್ಕೆ ಒಂದೆರಡು ಸಲ ಆಗಷ್ಟೇ ಒಡೆದ ಆರ್ಟೀಮಿಯಾ (ಉಪ್ಪುನೀರಿನ ಪುಟ್ಟ ಸೀಗಡಿಯಂಥ ಪ್ರಾಣಿ) ಮರಿಗಳನ್ನು ಕೊಟ್ಟು, ಅದೇ ದಿನ ನೀರು ಬದಲಿಸಿ. ಉಳಿದ ಮರಿಗಳು ಸತ್ತು ಕೊಳೆತರೆ ಅಮೋನಿಯಾ ಏರಿ ಪ್ರಾಣಿ ಮುದುಡುತ್ತದೆ. ಮೈಲುತುತ್ತು (ತಾಮ್ರದ ಸಲ್ಫೇಟ್) ಮುಟ್ಟಿದ ಬಕೆಟ್, ಪೈಪ್, ಸ್ಪ್ರೇಯರ್ ಯಾವುದೂ ಈ ನೀರಿನ ಹತ್ತಿರ ಬರಬಾರದು. ಕಡಲ ಹೂವಿಗೆ ತಾಮ್ರ ವಿಷ, ತೋಟದ ಮನೆಗಳಲ್ಲಿ ಈ ಎಚ್ಚರ ಎಷ್ಟಿದ್ದರೂ ಸಾಲದು.

ಬ್ಯಾಕ್ಟೀರಿಯಾ ಬೆಳೆಸಲು ಝೋಬೆಲ್ ಮರೈನ್ ಅಗಾರ್ ಪುಡಿ ಲೀಟರಿಗೆ ಸುಮಾರು 55 ಗ್ರಾಂ, 28 °ಸೆ. ಇನ್‌ಕ್ಯುಬೇಟರ್. ಮಳೆಗಾಲದ ತೇವದಲ್ಲಿ ತಟ್ಟೆಗಳಿಗೆ ಬೂಸ್ಟು ಹಿಡಿಯುತ್ತದೆ. ಸುರಿದ ತಟ್ಟೆಗಳನ್ನು ಎರಡು ದಿನ ಖಾಲಿ ಇಟ್ಟು, ಏನೂ ಬೆಳೆಯದವನ್ನು ಮಾತ್ರ ಬಳಸಿ. ಬಿಸಿಯ ಪ್ರಯೋಗಕ್ಕೆ ಒಂದು ತೊಟ್ಟಿಯನ್ನು 25ರಲ್ಲೇ ಬಿಟ್ಟು, ಇನ್ನೊಂದನ್ನು ದಿನಕ್ಕೆ 1 °ಸೆ.ನಂತೆ 32ರವರೆಗೆ ಏರಿಸಿ. ಪ್ರಾಣಿಯನ್ನು ಅರೆದು, ರಕ್ತಕಣ ಎಣಿಸುವ ಹೀಮೋಸೈಟೋಮೀಟರಿನಲ್ಲಿ ಪಾಚಿ ಎಣಿಸಬಹುದು. ಒಂದು ಪ್ರಾಣಿಗೆ ಇಷ್ಟು ಎಂದು ಬರೆಯದೆ, ಒಂದು ಮಿಲಿಗ್ರಾಂ ಪ್ರೋಟೀನಿಗೆ ಇಷ್ಟು ಎಂದು ಬರೆಯಿರಿ, ಏಕೆಂದರೆ ಬಿಸಿಗೆ ಪ್ರಾಣಿಯೇ ಕುಗ್ಗುತ್ತದೆ. ಲೋಳೆಯನ್ನು ಎರಡೂ ತೊಟ್ಟಿಗಳಿಂದ ಒಂದೇ ಹೊತ್ತಿಗೆ ತೆಗೆದು, ತೊಟ್ಟಿಯ ನೀರನ್ನೂ ಜೊತೆಗೆ ತಟ್ಟೆಗೆ ಹಚ್ಚಿ.